ಮನೆಯವರ ಬೆಂಬಲ ಇಲ್ಲದೆ ಮೊದಲ ಹಾಫ್ ಐರನ್‌ಮ್ಯಾನ್ ಮುಗಿಸಲು ಆಗುತ್ತದಾ?

ಸುರತ್ಕಲ್‌ನವರೇ, ನಿಮ್ಮ ವಯಸ್ಸು 41, ಇಬ್ಬರು ಮಕ್ಕಳು, ಬ್ಯಾಂಕ್ ಕೆಲಸ, ಈಜು-ಸೈಕಲ್-ಓಟ ಮೂರನ್ನೂ ಒಂದೇ ದಿನ ಮುಗಿಸುವ ಗೋವಾದ ಹಾಫ್ ಐರನ್‌ಮ್ಯಾನ್ ಮೇಲೆ ಕಣ್ಣು. ಇದ್ಯಾವುದೂ ನನಗೆ ದೊಡ್ಡ ಅಡ್ಡಿಯಾಗಿ ಕಾಣಲಿಲ್ಲ. ಅಡ್ಡಿ ಇರುವುದು ಪ್ರಶ್ನೆಯ ಕೊನೆಯಲ್ಲಿ ನೀವು ಬರೆದ ಸಾಲಿನಲ್ಲಿ: "ಮನೆಯಲ್ಲಿ ಮಾಡು ಅನ್ನುವವರೂ ಇಲ್ಲ, ಬೇಡ ಅನ್ನುವವರೂ ಇಲ್ಲ." ಬೇಡ ಅನ್ನುವವರ ಹತ್ತಿರ ಜಗಳವಾದರೂ ಆಡಬಹುದು. ಸುಮ್ಮನಿರುವ ಮನೆಯಲ್ಲಿ ನಾಲ್ಕನೇ ತಿಂಗಳಿಗೆ ಎಲ್ಲರ ಮುಖವೂ ಊದಿರುತ್ತದೆ, ಯಾಕೆಂದು ಯಾರೂ ಬಾಯಿಬಿಡುವುದಿಲ್ಲ.

ನಾನು ಉಡುಪಿಯವಳು. ಮಲ್ಪೆ ಹತ್ತಿರ ಅತ್ತೆ-ಮಾವನ ಜೊತೆ ಇರುವ ಮನೆ. ನಲವತ್ತು ದಾಟಿದ ಮೇಲೆ ಇದಕ್ಕೆ ಇಳಿದು, ಗೋವಾದಲ್ಲೇ ಮೊದಲನೆಯದನ್ನು ಮುಗಿಸಿದವಳು. ವೇಗದ ವಿಷಯ ಕೇಳಬೇಡಿ. ಗಡುವಿನೊಳಗೆ ಬಂದೆ, ಅಷ್ಟೇ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು: ಹಾಫ್ ಎಂದರೆ ಕಡಲಲ್ಲಿ 1.9 ಕಿ.ಮೀ. ಈಜು, ಅದರ ಬೆನ್ನಿಗೇ 90 ಕಿ.ಮೀ. ಸೈಕಲ್, ಮತ್ತೆ 21.1 ಕಿ.ಮೀ. ಓಟ. ಮೈಲಿಯಲ್ಲಿ ಕೂಡಿಸಿದರೆ 70.3, ಹಾಗಾಗಿ ಇದಕ್ಕೆ "ಐರನ್‌ಮ್ಯಾನ್ 70.3" ಎಂಬ ಹೆಸರೂ ಉಂಟು. ಗೋವಾದಲ್ಲಿ 2019ರಿಂದ ನಡೆಯುತ್ತಿದೆ, ನಡುವೆ ಕೊರೊನಾದಿಂದ ಎರಡು ವರ್ಷ ನಿಂತಿತ್ತು. ಒಟ್ಟು ಗಡುವು ಎಂಟೂವರೆ ಗಂಟೆ, ಈಜಿಗೆ 1 ಗಂಟೆ 10 ನಿಮಿಷ. ಪೂರ್ತಿ ಐರನ್‌ಮ್ಯಾನ್ ಇದರ ಇಮ್ಮಡಿ, ಅದಕ್ಕೆ 17 ಗಂಟೆ. ನಮ್ಮ ರಾಜ್ಯದಲ್ಲಿ ತುಂಬ ಜನ ಈ ಹೆಸರು ಕೇಳಿದ್ದು 2024ರಲ್ಲಿ ಸಂಸದ ತೇಜಸ್ವಿ ಸೂರ್ಯ ಗೋವಾದ ಹಾಫ್ ಅನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದಾಗ. ಗಡುವಿಗೆ ಎಷ್ಟು ಹತ್ತಿರ ನೋಡಿ. ನಮ್ಮಂಥವರಿಗೆ ಅದು ಧೈರ್ಯ ಕೊಡುವ ಅಂಕಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೆಂಬಲ ಅಂದ ಕೂಡಲೇ ಜನ ಸ್ಪರ್ಧೆಯ ದಿನ ರಸ್ತೆ ಬದಿ ನಿಂತು ಚಪ್ಪಾಳೆ ತಟ್ಟುವ ಕುಟುಂಬವನ್ನು ನೆನೆಸಿಕೊಳ್ಳುತ್ತಾರೆ. ಆ ದಿನ ಮನೆಯವರು ನಿಮಗೆ ಒಂದು ಲೋಟ ನೀರು ಕೊಡುವುದಕ್ಕೂ ನಿಯಮ ಬಿಡುವುದಿಲ್ಲ. ಹೊರಗಿನವರಿಂದ ತಿನ್ನಲು, ಕುಡಿಯಲು, ಸೈಕಲ್ ರಿಪೇರಿಗೆ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಅವರು ನಿಮ್ಮ ಪಕ್ಕದಲ್ಲಿ ಓಡುವ ಹಾಗೂ ಇಲ್ಲ. ಏನಿದ್ದರೂ ಸಂಘಟಕರು ಇಟ್ಟ ಟೇಬಲ್‌ಗಳಿಂದಲೇ. ಅಂದರೆ ಮನೆಯವರು ಮಾಡಬಹುದಾದ್ದೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು, ಏಳೆಂಟು ತಿಂಗಳ ಸಾದಾ ಬೆಳಗುಗಳಲ್ಲಿ, ಸಾದಾ ಅಡುಗೆಮನೆಯಲ್ಲಿ.

ಅಲ್ಲಿ ನಿಜವಾದ ಬೆಲೆ ಯಾವುದು ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ತಯಾರಿ ಜೋರಾಗುವ ವಾರಗಳಲ್ಲಿ ಎಂಟರಿಂದ ಹತ್ತು ಗಂಟೆ ಬೇಕು. ಆ ಗಂಟೆಗಳನ್ನು ಮನೆಯವರು ಲೆಕ್ಕಕ್ಕೇ ಇಡುವುದಿಲ್ಲ, ಯಾಕೆಂದರೆ ಅರ್ಧಕ್ಕಿಂತ ಹೆಚ್ಚು ಅವರು ಮಲಗಿರುವಾಗ ನಡೆದುಹೋಗಿರುತ್ತದೆ. ಅವರಿಗೆ ತಟ್ಟುವುದು ಅದರ ನಂತರದ್ದು. ಭಾನುವಾರ ನಾಲ್ಕು ಗಂಟೆ ಸೈಕಲ್ ಹೊಡೆದು ಬಂದವಳು ಊಟ ಮಾಡಿ ಬೋರಲು ಬಿದ್ದು ಮಲಗಿದರೆ, ಮಕ್ಕಳ ಹೋಂವರ್ಕ್ ಯಾರು ನೋಡುವುದು? ಸಂಜೆ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಸೀರೆ ಉಟ್ಟು ನಗುತ್ತಾ ನಿಲ್ಲುವುದು ಯಾರು? ನಮ್ಮ ಮನೆಯಲ್ಲಿ ಮೊದಲ ಮಾತು ಬಂದದ್ದೂ ಅಲ್ಲೇ. ಇವರು ಹೇಳಿದ್ದು, "ನೀನು ಬೆಳಿಗ್ಗೆ ಹೋಗು, ತೊಂದರೆ ಇಲ್ಲ. ಆದ್ರೆ ಮಧ್ಯಾಹ್ನ ನೀನು ಮನೆಯಲ್ಲಿದ್ದೂ ಇಲ್ಲದ ಹಾಗೆ ಇರ್ತಿ."

ಸರಿಯಾದ ಮಾತು. ಹಾಗಾಗಿ ನಾವು ಗಂಟೆ ಹಂಚಿಕೊಳ್ಳುವ ಬದಲು ಭಾನುವಾರವನ್ನೇ ಬೇರೆ ರೀತಿ ಹೊಂದಿಸಿದೆವು. ನಾನು ಐದಕ್ಕೆಲ್ಲ ಹೊರಟು ಕುಂದಾಪುರ ದಾಟಿ ಮರವಂತೆಗೆ ಹೋಗುವುದು; ಇವರು, ಮಗಳು, ಅತ್ತೆ ನಿಧಾನಕ್ಕೆ ಎದ್ದು ಕಾರಿನಲ್ಲಿ ಅಲ್ಲಿಗೆ ಬರುವುದು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಷ್ಟು ಸಲ ನೋಡಿದರೂ ಮಗಳಿಗೆ ಬೇಸರ ಬಾರದ ಜಾಗ. ಬೊಂಡ ಕುಡಿದು, ತಿಂಡಿ ತಿಂದು, ಸೈಕಲನ್ನು ಕಾರಿನ ಹಿಂದೆ ಕಟ್ಟಿ ವಾಪಸ್. ಉದ್ದ ಹೆಚ್ಚು ಬೇಕಾದ ವಾರ ನಾನು ಹೊರಡುವಾಗಲೇ ಮಣಿಪಾಲದ ಏರು ಹತ್ತಿ ಇಳಿದು ಹೋಗುತ್ತಿದ್ದೆ. ಬರುವಾಗ ಕಾರಿನಲ್ಲೇ ಒಂದು ನಿದ್ದೆ ಆಗಿರುತ್ತಿತ್ತು. ಮಧ್ಯಾಹ್ನ ನಾನು ಮನುಷ್ಯಳ ಹಾಗೆ ಇರುತ್ತಿದ್ದೆ.

ಒಂದು ಎಚ್ಚರಿಕೆ: ಹೆದ್ದಾರಿಯಲ್ಲಿ ಬೆಳಕು ಹರಿಯುವ ಮೊದಲು ಹಿಂದಿನ ಕೆಂಪು ದೀಪ, ಮಿನುಗುವ ಜಾಕೆಟ್ ಇಲ್ಲದೆ ಇಳಿಯಬೇಡಿ. ಡಿವೈಡರ್ ತೆರೆದಿರುವ ಕಡೆಯಲ್ಲೆಲ್ಲ ಎದುರು ದಿಕ್ಕಿನಿಂದ ಬೈಕ್ ಬಂದೇ ಬರುತ್ತದೆ ಅಂತಲೇ ತಿಳಿದುಕೊಳ್ಳಿ.

ಕಡಲಿನ ಪಾಠ ನನಗೆ ಸಿಕ್ಕಿದ್ದು ಮಾವನಿಂದ. ಅವರು ಹರೆಯದಲ್ಲಿ ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಮೀನಿನ ಬಲೆ) ಎಳೆದವರು. ಕೋಚ್‌ಗಳು ಹೇಳಿಕೊಡದ ಒಂದು ಸಂಗತಿಯನ್ನು ಅವರು ಮೊದಲ ದಿನವೇ ಹೇಳಿದರು: "ಅಲೆ ಒಡೆಯದೆ ಸುಮ್ಮನೆ ಕಾಣುವ ಕಡೆ ಇಳಿಯಬೇಡ." ನಾವೆಲ್ಲ ಅಂಥ ಜಾಗವನ್ನೇ ಸುರಕ್ಷಿತ ಅಂದುಕೊಳ್ಳುತ್ತೇವೆ. ದಡಕ್ಕೆ ಬಂದ ನೀರು ಹಿಂದಕ್ಕೆ ಹೋಗುವ ದಾರಿ ಅದು. ಅಲ್ಲಿ ಸೆಳೆತ ಉಂಟು. ಸಿಕ್ಕಿಬಿದ್ದರೆ ದಡದ ಕಡೆ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬೀಳಬೇಕು. ಬೆಳಗ್ಗೆ ನೆಲದ ಗಾಳಿ ಕಡಲ ಕಡೆ ಬೀಸುವಾಗ ನೀರು ಶಾಂತವಾಗಿ ಮಲಗಿರುತ್ತದೆ, ಬಿಸಿಲೇರಿದ ಮೇಲೆ ಗಾಳಿ ತಿರುಗುತ್ತದೆ. ಈ ಲೆಕ್ಕವೆಲ್ಲ ಅವರ ತಲೆಯಲ್ಲೇ ಇತ್ತು. ನಾನು ಈಜುವಾಗ ಅವರು ದಡದಲ್ಲಿ ನನ್ನ ಸಮಸಮಕ್ಕೆ ನಡೆಯುತ್ತಿದ್ದರು, ಕೈಯಲ್ಲಿ ಒಂದು ಟವೆಲ್. ಟವೆಲ್ ಬೀಸಿದರೆ ಹೊರಗೆ ಬಾ ಅಂತ ಅರ್ಥ, ಚರ್ಚೆ ಇಲ್ಲ. ಸೊಸೆ ಈಜುಡುಗೆ ಹಾಕಿಕೊಂಡು ಕಡಲಿಗೆ ಇಳಿಯುವುದನ್ನು ಕಂಡು ಊರಿನವರು ಮಾತಾಡಿದರು, ಇಲ್ಲ ಅಂತ ಹೇಳುವುದಿಲ್ಲ. ಕಡೆಕಾರಿನ ಗಂಗಾಧರ ಅವರು ಅರವತ್ತು ದಾಟಿದ ಮೇಲೆ ಕಾಲಿಗೆ ಸಂಕೋಲೆ ಹಾಕಿಕೊಂಡು ಪದ್ಮಾಸನದಲ್ಲಿ ಪಡುಕರೆಯ ಕಡಲಲ್ಲಿ ಈಜಿದ್ದನ್ನು ಕಂಡ ಊರು ನಮ್ಮದು. "ಅವರನ್ನು ನೋಡ್ಲಿಕ್ಕೆ ಓಡಿದವರು ಇವಳನ್ನೂ ನೋಡ್ಲಿ" ಅಂತ ಮಾವ ಅಂದ ಮೇಲೆ ಆ ಮಾತು ನಿಂತಿತು.

ಕಡಲಿನ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಒಂದು ವಿಚಿತ್ರ ಕಷ್ಟ ಉಂಟು. ಗೋವಾದ ಸ್ಪರ್ಧೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಅದಕ್ಕೆ ಮೊದಲಿನ ತಿಂಗಳುಗಳೆಲ್ಲ ಮಳೆಗಾಲ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಮಲ್ಪೆ ಬೀಚಿನಲ್ಲಿ ನೀರಿಗೆ ಇಳಿಯದಂತೆ ಬಲೆ ಕಟ್ಟುತ್ತಾರೆ. ಸೆಪ್ಟೆಂಬರ್‌ನಲ್ಲೂ ಕಡಲಿಗೆ ಪೂರ್ತಿ ಸಮಾಧಾನ ಇರುವುದಿಲ್ಲ. ಕಡಲ ಪಕ್ಕದಲ್ಲೇ ಇದ್ದುಕೊಂಡು ಈಜುಕೊಳದಲ್ಲಿ ತಯಾರಿ ಮಾಡಬೇಕು. ನಾನು ಅಜ್ಜರಕಾಡಿಗೆ ಹೋಗುತ್ತಿದ್ದೆ. ನಿಮಗೆ ಮಂಗಳೂರಿನ ಲೇಡಿಹಿಲ್‌ನ ಮಂಗಳಾ ಕೊಳ ಉಂಟು, ಎಮ್ಮೆಕೆರೆಯಲ್ಲಿ 50 ಮೀಟರಿನದ್ದೂ ಉಂಟು. ಅಲ್ಲಿ 38 ಉದ್ದ ಹೊಡೆದರೆ 1.9 ಕಿ.ಮೀ. ಆದರೆ ಕೊಳದ ಅಡಿಯಲ್ಲಿರುವ ಕಪ್ಪು ಗೆರೆ ಕಡಲಲ್ಲಿ ಇರುವುದಿಲ್ಲ. ಆಗಾಗ ಕಣ್ಣು ಮೇಲೆತ್ತಿ ದಾರಿಯ ಗುರುತಿಗೆ ತೇಲಿಬಿಟ್ಟ ಚೆಂಡು ಎಲ್ಲಿದೆ ನೋಡಿ ಮತ್ತೆ ಮುಖ ಮುಳುಗಿಸುವ ಅಭ್ಯಾಸವನ್ನು ಕೊಳದಲ್ಲೇ ಮಾಡಿಕೊಳ್ಳಿ. ವೆಟ್‌ಸೂಟ್ ಹಾಕಿ ತೇಲಿಕೊಂಡು ಹೋಗುತ್ತೇನೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ದರೆ ಅದನ್ನು ಹಾಕಿ ಬಹುಮಾನದ ಲೆಕ್ಕಕ್ಕೆ ಬರುವ ಹಾಗಿಲ್ಲ, ನಮ್ಮ ಕಡಲು ಅದಕ್ಕಿಂತ ಎಷ್ಟೋ ಬೆಚ್ಚಗೆ.

ಮಳೆಗಾಲದ ಸೈಕಲ್ ಜಗಲಿಯಲ್ಲೇ, ಟ್ರೈನರ್ ಅನ್ನುವ, ನಿಂತಲ್ಲೇ ಸೈಕಲ್ ತುಳಿಯುವ ಸ್ಟ್ಯಾಂಡಿನ ಮೇಲೆ ನಡೆಯಿತು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಬೇಸರದ ಕೆಲಸ, ಮಾಡಬೇಕು.

ಅತ್ತೆಯ ಪಾಲು ಅಡುಗೆಮನೆಯದ್ದು. "ಇಷ್ಟು ಓಡಿದ್ರೆ ಎಂತ ಕೊಡ್ತಾರೆ?" ಅಂತ ಕೇಳಿದರು. ಪದಕ ಅಂದೆ. "ಚಿನ್ನದ್ದಾ?" ಅಲ್ಲ ಅಂದೆ. "ಮತ್ತೆ ಎಂತಕ್ಕೆ ಮಾರಾಯ್ತಿ!" ಆದರೆ ಕುಚಲಕ್ಕಿ ಗಂಜಿ ಮಾತ್ರ ರಾತ್ರಿಯೇ ಮಾಡಿ ಮುಚ್ಚಿಟ್ಟು ಮಲಗುತ್ತಿದ್ದರು. ಉದ್ದ ಸೈಕಲಿಗೆ ಮೊದಲು ಅದು, ಉಪ್ಪಿನಕಾಯಿ ರಸ, ಒಂದು ಬಾಳೆಹಣ್ಣು. ಹೊಟ್ಟೆ ಒಂದು ದಿನವೂ ಕೈಕೊಡಲಿಲ್ಲ. ದಾರಿಯಲ್ಲಿ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಅಷ್ಟನ್ನೂ ಪೊಟ್ಟಣದಲ್ಲಿ ಬರುವ ಸಿಹಿ ಪಾಕದಂಥ ಜೆಲ್‌ಗಳಿಂದಲೇ ತುಂಬಿಸಿದರೆ ತಿಂಗಳ ಕೊನೆಗೆ ದಿನಸಿ ಅಂಗಡಿಯ ಬಿಲ್ಲಿನಷ್ಟೇ ಆಗುತ್ತದೆ. ಹಾಗಾಗಿ ಅಭ್ಯಾಸಕ್ಕೆ ಅತ್ತೆ ಮಾಡಿದ ಪುನರ್ಪುಳಿ (ಕೋಕಂ) ಶರಬತ್ತು: ಲೀಟರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು. ಅಷ್ಟು ಉಪ್ಪಿನಲ್ಲಿ ಹೆಚ್ಚು ಕಡಿಮೆ 600 ಮಿಲಿಗ್ರಾಂ ಸೋಡಿಯಂ ಇರುತ್ತದೆ. ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ. ಸ್ಪರ್ಧೆಗೆ ಹತ್ತಿರವಾದಾಗ ಅಲ್ಲಿ ಕೊಡುವ ಪಾನೀಯವನ್ನೇ ತಂದು ಹೊಟ್ಟೆಗೆ ರೂಢಿ ಮಾಡಿಸಿ.

ಎಷ್ಟು ಕುಡಿಯಬೇಕು ಅನ್ನುವುದಕ್ಕೆ ಒಂದು ಸುಲಭದ ಪರೀಕ್ಷೆ ಉಂಟು. ಒಂದು ಗಂಟೆಯ ಅಭ್ಯಾಸದ ಮೊದಲು ಮತ್ತು ನಂತರ ತೂಕ ನೋಡಿ; ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ ಅಂತ ಲೆಕ್ಕ, ನಡುವೆ ಕುಡಿದದ್ದನ್ನು ಅದಕ್ಕೆ ಸೇರಿಸಿ. ನಮ್ಮ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಸುಮ್ಮನೆ ಸುರಿಯುತ್ತದೆ, ಮೈ ತಣಿಯುವುದಿಲ್ಲ. ಹಾಗಂತ ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಇನ್ನೊಂದು ಅಪಾಯ.

ಇವರು ಹಾಕಿದ ಷರತ್ತು ಒಂದೇ: ಹಣ ಕಟ್ಟುವ ಮೊದಲು ಇಸಿಜಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಎರಡೂ ಆಗಬೇಕು. ನಿಮ್ಮ ಮನೆಯವರು ಕೇಳದಿದ್ದರೂ ನೀವೇ ಮಾಡಿಸಿ ರಿಪೋರ್ಟನ್ನು ಮೇಜಿನ ಮೇಲಿಡಿ. ಸುಮ್ಮನಿರುವವರ ಮೌನದ ಹಿಂದೆ ಎಷ್ಟೋ ಸಲ ಇರುವುದು ಈ ಹೆದರಿಕೆಯೇ. ಹಾಗೆಯೇ ದುಡ್ಡಿನ ಲೆಕ್ಕ. ನೋಂದಣಿಗೆ ಐದಂಕಿಯ ಮೊತ್ತ ಬೇಕು, ಸೈಕಲ್ ಬೇರೆ, ರೂಮು ಬೇರೆ. ಪೂರ್ತಿ ಮೊತ್ತವನ್ನು ಮೊದಲೇ ಹೇಳಿಬಿಡಿ. ಕಂತು ಕಂತಾಗಿ ಗೊತ್ತಾದರೆ ಪ್ರತಿ ಕಂತಿಗೂ ಒಂದು ಜಗಳ.

ಗೋವಾಕ್ಕೆ ಅವರನ್ನು ಕರೆದುಕೊಂಡು ಹೋಗಬೇಕಾ ಅಂತಲೂ ಕೇಳಿದ್ದೀರಿ. ಹೋಗಿ, ಆದರೆ ಎಂಟು ಗಂಟೆ ಬಿಸಿಲಿನಲ್ಲಿ ಅವರು ಏನು ಮಾಡಬೇಕು ಅಂತ ಬರೆದುಕೊಡಿ. ಈಜಿನ ಶುರು ನೋಡಲಿ, ಸೈಕಲ್ ಹೊತ್ತಿನಲ್ಲಿ ರೂಮಿಗೆ ಹೋಗಿ ಮಲಗಲಿ, ಓಟಕ್ಕೆ ಬಂದು ನಿಲ್ಲಲಿ. ಓಟ ಸುತ್ತು ಸುತ್ತಾಗಿ ಇರುವುದರಿಂದ ನೀವು ಹಲವು ಸಲ ಕಾಣಸಿಗುತ್ತೀರಿ. ನಿಯಮವನ್ನೂ ಬಿಡಿಸಿ ಹೇಳಿ. ನಾನು ಹೇಳಿದ್ದೆ, ಆದರೂ ಓಟದ ತಿರುವಿನಲ್ಲಿ ಅತ್ತೆ ಪುನರ್ಪುಳಿ ಬಾಟಲಿ ಹಿಡಿದುಕೊಂಡೇ ನಿಂತಿದ್ದರು. ಬೇಡ ಅಂತ ಕೈಯಾಡಿಸಿ ಓಡಿದೆ. ಮುಂದಿನ ಸುತ್ತಿಗೆ ಬರುವಾಗ ಆ ಬಾಟಲಿಯನ್ನು ಪಕ್ಕದಲ್ಲಿ ನಿಂತಿದ್ದ ಯಾರದೋ ತಾಯಿಗೆ ಕುಡಿಸುತ್ತಾ, "ನೀರು ಕೊಟ್ರೆ ತಪ್ಪಂತೆ, ಇದೆಂತ ಕಾನೂನು" ಅಂತ ದೂರುತ್ತಿದ್ದರು. ಆ ಹೆಂಗಸಿಗೆ ಕನ್ನಡ ಬರುತ್ತಿತ್ತಾ ಗೊತ್ತಿಲ್ಲ, ತಲೆ ಮಾತ್ರ ಜೋರಾಗಿ ಆಡಿಸುತ್ತಿದ್ದರು. ಕೊನೆಯ ಗೆರೆಯನ್ನು ಮಗಳ ಕೈಹಿಡಿದು ದಾಟುವ ಆಸೆ ನಿಮಗಿದ್ದರೆ ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಐರನ್‌ಮ್ಯಾನ್ ಸ್ಪರ್ಧೆಗಳಲ್ಲಿ ಅದಕ್ಕೆ ಅನರ್ಹಗೊಳಿಸುವುದುಂಟು. ನನ್ನ ಮಗಳು ಬೇಲಿಯ ಆಚೆ ನಿಂತಿದ್ದಳು.

ಇಷ್ಟೆಲ್ಲ ಮಾತಾಡಿದ ಮೇಲೂ ಮನೆ ಜಗ್ಗದಿದ್ದರೆ ಒಬ್ಬರೇ ಮಾಡಲು ಆಗುತ್ತದೆ, ಮಾಡಿದವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ವರ್ಷ ರಿಲೇಗೆ ಹೋಗಿ. ಒಬ್ಬರು ಈಜು, ಒಬ್ಬರು ಸೈಕಲ್, ಒಬ್ಬರು ಓಟ. ತೇಜಸ್ವಿ ಸೂರ್ಯ ಕೂಡ 2022ರಲ್ಲಿ ರಿಲೇಯಲ್ಲಿ ಸೈಕಲ್ ಭಾಗ ಮಾಡಿ ಆಮೇಲೆ ಮೂರನ್ನೂ ಒಬ್ಬರೇ ಮಾಡಲು ಬಂದವರು. ರಿಲೇಗಾದರೆ ವಾರಕ್ಕೆ ನಾಲ್ಕೈದು ಗಂಟೆಯಲ್ಲಿ ತಯಾರಿ ಮುಗಿಯುತ್ತದೆ, ಮನೆಯವರಿಗೆ ಇದು ಎಂತದ್ದು ಅಂತ ಕಣ್ಣಾರೆ ಗೊತ್ತಾಗುತ್ತದೆ. ಬ್ಯಾಂಕಿನವರಲ್ಲಿ ಓಡುವವರು ಒಬ್ಬರಾದರೂ ಸಿಗುತ್ತಾರೆ, ಈಜುಗಾರರನ್ನು ಮಂಗಳಾ ಕೊಳದಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ ವಿಚಾರಿಸಿ. ಮೂರನ್ನೂ ನೀವೇ ಮಾಡುವುದಾದರೆ ಕಡಲ ಈಜನ್ನು ಮೇ ತಿಂಗಳ ಮೊದಲ ವಾರದೊಳಗೆ, ಜೀವರಕ್ಷಕರಿರುವ ಪಣಂಬೂರಿನಂಥ ಕಡೆ, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಶುರುಮಾಡಿ. ಆ ಒಬ್ಬರು ನಿಮ್ಮ ಮನೆಯವರೇ ಆದರೆ, ಸುಮ್ಮನಿದ್ದವರು ಅಲ್ಲಿಂದಲೇ ಮಾತಿಗೆ ಬರುತ್ತಾರೆ.