ಬೂಷ್ಟು ಹಿಡಿದ ಹಿಂಡಿಗೆ ಬೆಂಟೊನೈಟ್ ಬೆರೆಸುವ ಕುರಿತು

ಸೋಮವಾರಪೇಟೆಯ ಮಳೆಯಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಒಣಗಿಸಿ, ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ಬೆರೆಸಿ ಹಸುವಿಗೆ ಹಾಕಬಹುದೇ, ಅದೇ ಪುಡಿಯಿಂದ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವಿಕೆ) ಮಾಡಿದ ನೀರನ್ನೂ ಶುದ್ಧಗೊಳಿಸಬಹುದೇ ಎಂದು ಕೇಳಿದ್ದೀರಿ.

ಹಿಂಡಿಯನ್ನು ದಯವಿಟ್ಟು ಹಾಕಬೇಡಿ. ಒಣಗಿಸಿದರೆ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆಯೇ ಹೊರತು, ಆಸ್ಪರ್ಜಿಲಸ್ ಶಿಲೀಂಧ್ರವು ಅದಾಗಲೇ ಉಂಟುಮಾಡಿರುವ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಹಾಗೆಯೇ ಉಳಿದಿರುತ್ತದೆ. ಹಸು ತಿಂದ ಈ ವಿಷದ ಒಂದಂಶವು ಯಕೃತ್ತಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ರೂಪಕ್ಕೆ ಮಾರ್ಪಟ್ಟು ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ನಮ್ಮ ದೇಶದಲ್ಲಿ ಹಾಲಿನಲ್ಲಿ ಎಂ1 ಪ್ರಮಾಣಕ್ಕಿರುವ ಮಿತಿ ಕಿಲೋಗೆ ಕೇವಲ 0.5 ಮೈಕ್ರೋಗ್ರಾಂ. (1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಪತ್ತೆಯಾದದ್ದೂ ಕಡಲೆಕಾಯಿ ಹಿಂಡಿಯಲ್ಲೇ.)

ಬೆಂಟೊನೈಟ್ ಕೆಲಸ ಮಾಡುವುದು ನಿಜ: ಚಪ್ಪಟೆಯಾದ ಅಫ್ಲಾಟಾಕ್ಸಿನ್ ಅಣುಗಳು ಜೇಡಿಯ ಪದರಗಳ ನಡುವೆ ಸಿಕ್ಕಿಕೊಂಡು ಸಗಣಿಯೊಡನೆ ಹೊರಹೋಗುತ್ತವೆ. ಆದರೆ ಮೆಕ್ಕೆಜೋಳದಲ್ಲಿ ಫ್ಯುಸೇರಿಯಂ ಶಿಲೀಂಧ್ರ ಉಂಟುಮಾಡುವ ಡಿಯಾಕ್ಸಿನಿವಲೆನಾಲ್‌ನಂಥ ವಿಷಗಳನ್ನು ಅದು ಅಷ್ಟಾಗಿ ಹಿಡಿಯದ ಕಾರಣ, ನೋಡಲು ಚೆನ್ನಾಗಿರುವ ಮೇವಿಗೆ ಮುನ್ನೆಚ್ಚರಿಕೆಯಾಗಿ ಪಶುವೈದ್ಯರನ್ನು ಕೇಳಿ ಬೆರೆಸಬಹುದೇ ವಿನಾ, ಕಣ್ಣಿಗೆ ಕಾಣುವಷ್ಟು ಕೆಟ್ಟ ಹಿಂಡಿಯನ್ನು ಅದರ ಭರವಸೆಯ ಮೇಲೆ ಹಾಕುವುದು ಸರಿಯಲ್ಲ. ಮುಂದೆ ಚೀಲಗಳನ್ನು ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ ಜೋಡಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವಲ್ಪಸ್ವಲ್ಪವೇ ಖರೀದಿಸಿ.

ಪಲ್ಪಿಂಗ್ ನೀರಿನ ಸಮಸ್ಯೆಯೇ ಬೇರೆ. ಜೇಡಿಯು ಕೆಲವು ಬಣ್ಣಗಳನ್ನೂ ಸೀಸದಂಥ ಲೋಹಗಳನ್ನೂ ಹೀರಬಲ್ಲದು. ಆದರೆ ನಿಮ್ಮ ನೀರಿನಲ್ಲಿರುವುದು ಕರಗಿದ ಸಕ್ಕರೆ ಮತ್ತು ಆಮ್ಲ; ಅವನ್ನು ಜೇಡಿ ಅಷ್ಟಾಗಿ ಹಿಡಿಯದು. ಅದಕ್ಕೆ ಸುಣ್ಣ ಹಾಕಿ ಹುಳಿ ತಗ್ಗಿಸಿ, ಗಾಳಿರಹಿತ ಹಾಗೂ ಗಾಳಿಯಾಡುವ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳಿಂದ ಕೊಳೆಯಿಸುವುದೇ ದಾರಿ.