ಮುಂಡಗೋಡದ ಟಿಬೆಟಿಯನ್ನರಿಗೆ ಆಶ್ರಯ: ಹೊಣೆ ಯಾರದ್ದು?

ಮುಂಡಗೋಡದ ಟಿಬೆಟಿಯನ್ನರಿಗೆ ಆಶ್ರಯ ಕೊಡುವ ತೀರ್ಮಾನ ಕಾರವಾರದ ಡಿಸಿಯದ್ದಾ, ಯಾರನ್ನು ಕೇಳಬೇಕು ಅಂದಿದ್ದೀರಿ. ಡಿಸಿಯದ್ದಲ್ಲ ಮಾರಾಯ್ರೆ. ವಿದೇಶಿಯರ ವಿಷಯ ಕೇಂದ್ರದ್ದು. 1959ರಲ್ಲಿ ದಲೈ ಲಾಮಾ ಅವರಿಗೆ ಆಶ್ರಯ ಕೊಟ್ಟಿದ್ದು ನೆಹರೂ ಸರ್ಕಾರ. ಸಂಸತ್ತಿನಲ್ಲಿ ಅದಕ್ಕೆ ಉತ್ತರ ಕೊಟ್ಟಿದ್ದೂ ನೆಹರೂ ಅವರೇ. ಜಾಗ ಮಾತ್ರ ರಾಜ್ಯದ್ದು. 1966ರಲ್ಲಿ ಮುಂಡಗೋಡದ ಕ್ಯಾಂಪ್ ಶುರುವಾದಾಗ ನಿಜಲಿಂಗಪ್ಪ ಮುಖ್ಯಮಂತ್ರಿ.

ತೊಡಕು ಇರುವುದು ಬೇರೆ ಕಡೆ. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಶ್ರಯಕ್ಕೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಆಯಾ ಸರ್ಕಾರದ ಮರ್ಜಿಯೇ ಜಾಸ್ತಿ. ಟಿಬೆಟಿಯನ್ನರಿಗೆ ಹೊಲ, ಮನೆ ಸಿಕ್ಕಿತು, ಮ್ಯಾನ್ಮಾರ್‌ನಿಂದ ಓಡಿ ಬಂದ ರೊಹಿಂಗ್ಯಾ ಮುಸ್ಲಿಮರಿಗೆ ಯಾಕಿಲ್ಲ? ಕಾನೂನು ತೋರಿಸಿ ಕೇಳೋಣ ಅಂದರೆ ಅದೇ ಇಲ್ಲ, ಅಲ್ವಾ? (ನನ್ನ ಪ್ರಕಾರ ಸರ್ಕಾರಗಳಿಗೆ ಇದೇ ಅನುಕೂಲ.) ನಮ್ಮ ಸಂಸದರಿಂದ ಲೋಕಸಭೆಯಲ್ಲಿ ಗೃಹ ಸಚಿವರಿಗೆ ಪ್ರಶ್ನೆ ಹಾಕಿಸಿ. ಶಾಸಕರ ಮನೆಗೆ ಹೋದರೆ ಸುಮ್ನೆ ಓಡಾಟ.