ಚಂದಾ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ: ಗೇಮ್ ಕನ್ಸೋಲ್ ಬಗ್ಗೆ ಕರಾವಳಿ, ಘಟ್ಟದ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಗೇಮ್ ಕನ್ಸೋಲಿನದೇ ಮೇಲುಗೈ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಮಗ ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5 (ಪಿಎಸ್5) ತಂದಿದ್ದಾನೆ. ನೆಟ್‌ಫ್ಲಿಕ್ಸ್, ಯೂಟ್ಯೂಬ್ ಎಲ್ಲ ಅದರಲ್ಲೇ ಬರುತ್ತದೆ, ಆದರೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಕಟ್ಟಲೇಬೇಕು ಅನ್ನುತ್ತಾನೆ. ಹೌದೇ?
— ಓದುಗರು, ಕೋಡಿಬಾಗ, ಕಾರವಾರ

ನೋಡುವುದಕ್ಕೆ ಬೇಡ. ನೆಟ್‌ಫ್ಲಿಕ್ಸಿಗೆ ನೆಟ್‌ಫ್ಲಿಕ್ಸಿನ ದುಡ್ಡು ಕಟ್ಟಿದರೆ ಸಾಕು, ಯೂಟ್ಯೂಬಿಗೆ ಅದೂ ಇಲ್ಲ. ನಿಮ್ಮ ಮಗನ ಮಾತು ಪೂರ್ತಿ ಸುಳ್ಳಲ್ಲ, ಹಳೆಯದು, ಅದೂ ಬೇರೆ ಕಂಪನಿಯದು. 2008ರಲ್ಲಿ ಮೈಕ್ರೋಸಾಫ್ಟಿನ ಕನ್ಸೋಲ್ ಎಕ್ಸ್‌ಬಾಕ್ಸ್ 360ಕ್ಕೆ ನೆಟ್‌ಫ್ಲಿಕ್ಸ್ ಬಂದಾಗ ಅದನ್ನು ತೆರೆಯಲು ‘ಲೈವ್ ಗೋಲ್ಡ್’ ಚಂದಾ ಬೇಕಿತ್ತು. ಒಂದೇ ಸಿನಿಮಾಕ್ಕೆ ಎರಡು ಕಡೆ ಟಿಕೆಟ್. ಮೈಕ್ರೋಸಾಫ್ಟ್ ಆ ನಿಯಮ ತೆಗೆದದ್ದು 2014ರಲ್ಲಿ.

ಸೋನಿಯ ಕಥೆ ತಿರುಗುಮುರುಗು. ಪಿಎಸ್3ರಲ್ಲಿ ಆನ್‌ಲೈನ್ ಆಟ ಪುಕ್ಕಟೆ. 2010ರಲ್ಲಿ ಬಂದ ಪ್ಲೇಸ್ಟೇಷನ್ ಪ್ಲಸ್ ಬೇಕಾದವರಿಗೆ ಮಾತ್ರ. 2013ರಲ್ಲಿ ಪಿಎಸ್4 ಬಂದ ಮೇಲೆ, ಕೊಂಡ ಆಟವನ್ನು ಇಂಟರ್ನೆಟ್ಟಿನಲ್ಲಿ ಬೇರೆಯವರ ಜೊತೆ ಆಡಲು ಚಂದಾ ಕಡ್ಡಾಯವಾಯಿತು. ಫೋರ್ಟ್‌ನೈಟ್ ತರಹದ ಉಚಿತ ಆಟಗಳಿಗೆ ಈಗಲೂ ಬೇಡ. ಒಬ್ಬರೇ ಆಡುವ ಆಟಕ್ಕೂ ಬೇಡ.

2022ರ ಜೂನ್‌ನಿಂದ ನಮ್ಮಲ್ಲಿ ಪ್ಲೇಸ್ಟೇಷನ್ ಪ್ಲಸ್‌ಗೆ ಮೂರು ದರ್ಜೆ ಇವೆ. ಎಸೆನ್ಷಿಯಲ್ ಎಂದರೆ ಆನ್‌ಲೈನ್ ಆಟ, ತಿಂಗಳಿಗೆ ಕೆಲವು ಗೇಮ್, ಆಟ ಎಲ್ಲಿಗೆ ಬಂತೆಂದು ಉಳಿಸಿಡುವ ‘ಸೇವ್’ಗಳಿಗೆ ಕ್ಲೌಡ್ ಜಾಗ. ಎಕ್ಸ್‌ಟ್ರಾದಲ್ಲಿ ಇವುಗಳ ಜೊತೆ ನೂರಾರು ಆಟಗಳ ಸಂಗ್ರಹ. ಡೀಲಕ್ಸ್‌ನಲ್ಲಿ ಹಳೆಯ ಆಟ, ಪರೀಕ್ಷಾರ್ಥ ಆಟ ಸೇರುತ್ತವೆ. ಹೊಸಬರಿಗೆ ಎಕ್ಸ್‌ಟ್ರಾ ಒಂದು ತಿಂಗಳು ತೆಗೆದುಕೊಂಡು ನೋಡುವುದು ಒಳ್ಳೆಯದು. ಡೀಲಕ್ಸ್ ಹೆಚ್ಚಿನ ಮನೆಗಳಿಗೆ ದಂಡ.

ವರ್ಷದ ಚಂದಾ ಬೇಕೋ ತಿಂಗಳದ್ದು ಸಾಕೋ ಎಂಬುದಕ್ಕೆ ಒಂದು ಭಾಗಾಕಾರ ಮಾಡಿ. ವರ್ಷದ ದರವನ್ನು ತಿಂಗಳ ದರದಿಂದ ಭಾಗಿಸಿದಾಗ 8 ಬಂತು ಅಂದುಕೊಳ್ಳಿ. ಹುಡುಗ ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಆಡಿದರೆ ಮಾತ್ರ ವರ್ಷದ್ದು ಲಾಭ. ಪರೀಕ್ಷೆ, ಟ್ಯೂಷನ್ ಇರುವ ಮನೆಯಲ್ಲಿ ಆ ಲೆಕ್ಕ ಅಪರೂಪಕ್ಕೆ ಹೊಂದುತ್ತದೆ.

ಚಂದಾ ಮುಗಿದರೆ ದುಡ್ಡು ಕೊಟ್ಟು ಕೊಂಡ ಆಟ ಹಾಗೇ ಇರುತ್ತದೆ. ತಿಂಗಳ ಆಟಗಳು, ಸಂಗ್ರಹದ ಆಟಗಳು ಬೀಗ ಬಿದ್ದು ಕೂರುತ್ತವೆ. ಮುಗಿಯುವ ಮೊದಲು ಕ್ಲೌಡಿನ ಸೇವ್‌ಗಳನ್ನು ಕನ್ಸೋಲಿಗೆ ಇಳಿಸಿಕೊಳ್ಳಿ. ಪಿಎಸ್4 ಆಟದ ಸೇವ್‌ಗಳನ್ನು ಪೆನ್‌ಡ್ರೈವಿಗೆ ನಕಲಿಸಬಹುದು, ಪಿಎಸ್5 ಆಟದವನ್ನು ಆಗದು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಪಿಎಸ್5 ಸಿನಿಮಾ ತೋರಿಸುವಾಗ 50–70 ವ್ಯಾಟ್ ಎಳೆಯುತ್ತದೆ. ಟಿವಿಗೆ ಸಿಕ್ಕಿಸುವ ಸ್ಟಿಕ್ ಅದೇ ಕೆಲಸವನ್ನು 5 ವ್ಯಾಟಿನೊಳಗೆ ಮಾಡುತ್ತದೆ. ದಿನಕ್ಕೆ ಐದು ತಾಸು ಧಾರಾವಾಹಿ ಓಡುವ ಮನೆಯಲ್ಲಿ ತಿಂಗಳಿಗೆ 7ರಿಂದ 10 ಯೂನಿಟ್ ಹೆಚ್ಚು. ಗೃಹಜ್ಯೋತಿಯಲ್ಲಿ ನಿಮ್ಮ ಅರ್ಹತೆಯ ಅಂಚಿನಲ್ಲೇ ಇದ್ದರೆ ಈ ಹತ್ತು ಯೂನಿಟ್ಟೇ ಬಿಲ್ ತರಿಸಬಹುದು. ಕನ್ನಡದ ಎಲ್ಲ ಓಟಿಟಿ ಆ್ಯಪ್‌ಗಳು ಕನ್ಸೋಲಿನ ಮಳಿಗೆಯಲ್ಲಿ ಸಿಗುತ್ತವೆ ಎಂಬ ಖಾತ್ರಿಯೂ ಇಲ್ಲ. ನಿಮಗೆ ಬೇಕಾದ್ದು ಇದೆಯೇ ಎಂದು ಮೊದಲು ಹುಡುಕಿ ನೋಡಿ.

60 ಎಂಬಿಪಿಎಸ್ ಫೈಬರ್ ಇದೆ. ರೌಟರ್ ಜಗಲಿಯಲ್ಲಿ, ಕನ್ಸೋಲ್ ಮಾಳಿಗೆ ಮೇಲೆ. 80 ಜಿಬಿಯ ಗೇಮ್ ಇಳಿಯಲು ರಾತ್ರಿಯಿಡೀ ಸಾಲದು. ಆಡುವಾಗ ಗೆಳೆಯರ ದನಿ ಕಡಿಯುತ್ತದೆ. ದೊಡ್ಡ ಪ್ಲಾನ್ ಹಾಕಿಸಬೇಕೇ?
— ಓದುಗರು, ಶಿರಸಿ ತಾಲ್ಲೂಕು

ಹಾಕಿಸಬೇಡಿ. 60 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 7.5 ಮೆಗಾಬೈಟ್. ಆ ಲೆಕ್ಕದಲ್ಲಿ 80 ಜಿಬಿ ಇಳಿಯಲು ಮೂರು ತಾಸು ಸಾಕು. ನಿಮ್ಮಲ್ಲಿ ಹನ್ನೆರಡು ತಾಸು ಹಿಡಿಯುತ್ತಿದ್ದರೆ ಮಾಳಿಗೆಗೆ ತಲುಪುತ್ತಿರುವುದು 15 ಎಂಬಿಪಿಎಸ್ ಮಾತ್ರ. ಉಳಿದದ್ದು ಚಿರೆಕಲ್ಲಿನ ಗೋಡೆಯಲ್ಲಿ ಹೋಗುತ್ತಿದೆ. ಒಂದಡಿ ದಪ್ಪದ ಗೋಡೆ, ಅದರಲ್ಲೂ ಮಳೆಗಾಲದಲ್ಲಿ ನೀರು ಕುಡಿದದ್ದು, 5 ಗಿಗಾಹರ್ಟ್ಸ್ ವೈಫೈಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆಗ ಕನ್ಸೋಲ್ 2.4 ಗಿಗಾಹರ್ಟ್ಸ್‌ಗೆ ಇಳಿದು ತೆವಳುತ್ತದೆ. ಪ್ಲಾನನ್ನು 200ಕ್ಕೆ ಏರಿಸಿದರೂ ಗೋಡೆ ಗೋಡೆಯೇ.

ಮೊದಲು ಅಳೆಯಿರಿ. ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ‘ಟೆಸ್ಟ್ ಇಂಟರ್ನೆಟ್ ಕನೆಕ್ಷನ್’. ವೇಗದ ಜೊತೆ ನ್ಯಾಟ್ ಟೈಪ್ (ಹೊರಗಿನ ಕನ್ಸೋಲ್‌ಗಳು ನಿಮ್ಮದನ್ನು ಎಷ್ಟು ಸಲೀಸಾಗಿ ತಲುಪುತ್ತವೆ) ಎಂಬುದನ್ನೂ ತೋರಿಸುತ್ತದೆ, ಎರಡನ್ನೂ ಬರೆದಿಟ್ಟುಕೊಳ್ಳಿ. ಕನ್ಸೋಲನ್ನು ಒಮ್ಮೆ ಜಗಲಿಗೆ ತಂದು ಮತ್ತೆ ಅಳೆಯಿರಿ. ಕೆಳಗೆ 55 ಬಂದು ಮೇಲೆ 15 ಬಂದರೆ ದೋಷ ಮನೆಯೊಳಗಿನದು.

ಪರಿಹಾರ ವೈರು. ಕ್ಯಾಟ್ 6 ಲ್ಯಾನ್ ಕೇಬಲ್, ಪೂರ್ತಿ ತಾಮ್ರದ್ದು. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ತಿರುವಿನಲ್ಲಿ ಮುರಿಯುತ್ತದೆ. ಜಗಲಿಯಿಂದ ಮಾಳಿಗೆಗೆ 20–25 ಮೀಟರ್ ಬೇಕಾದೀತು, 100 ಮೀಟರ್ ತನಕ ತೊಂದರೆಯಿಲ್ಲ. ಇಲಿ ಕಾಟ ಇರುವಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪಿನೊಳಗೆ ಒಯ್ಯಿರಿ. ಕರೆಂಟಿನ ವೈರಿಂಗಿನ ಪೈಪಿನಲ್ಲೇ ತುರುಕಬೇಡಿ. ತುದಿಗೆ ಪಿನ್ನು ಹಾಕುವ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ. ಜೋಡಿ ತಂತಿಗಳ ಹೆಣೆಕೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ಬಣ್ಣ ಬಣ್ಣದ ಜೋಡಿಗಳನ್ನು ಒಟ್ಟಿಗಿಟ್ಟರೆ ಚೆಂದ ಎಂದು ಕೆಲವರು ಹಸಿರು-ನೀಲಿಯ ಸ್ಥಾನ ಬದಲಿಸುತ್ತಾರೆ. ಆಗ ದೀಪ ಹೊತ್ತುತ್ತದೆ, ಡೇಟಾ ಕುಂಟುತ್ತದೆ.

ಇನ್ನು ದನಿ ಕಡಿಯುವುದು. ಆನ್‌ಲೈನ್ ಆಟಕ್ಕೆ ವೇಗ ಹೆಚ್ಚು ಬೇಡ, ತಾಸಿಗೆ ನೂರು ಎಂಬಿ ಆಸುಪಾಸು ಸಾಕು. ನ್ಯಾಟ್ ಟೈಪ್ 3 ಎಂದು ಬಂದಿದ್ದರೆ ಗೆಳೆಯರ ಕನ್ಸೋಲ್ ನಿಮ್ಮದನ್ನು ನೇರ ಮುಟ್ಟಲಾರದು. ರೌಟರಿನ ಸೆಟ್ಟಿಂಗ್ ಪುಟದಲ್ಲಿ ‘ವ್ಯಾನ್ ಐಪಿ’ (ರೌಟರಿಗೆ ಹೊರಗಿನಿಂದ ಸಿಕ್ಕ ವಿಳಾಸ) ನೋಡಿ. ಅದು 192.168ರಿಂದ ಶುರುವಾದರೆ ನಿಮ್ಮಲ್ಲಿ ಒಂದರ ಹಿಂದೆ ಒಂದು ಎರಡು ರೌಟರ್ ಇವೆ. ಎರಡನೆಯದನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡಿಗೆ ಹಾಕಿ. 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯೇ ಒಂದು ವಿಳಾಸವನ್ನು ಹಲವು ಮನೆಗೆ ಹಂಚಿದೆ. ರೌಟರಿನಲ್ಲಿ ಪೋರ್ಟ್ ತೆರೆದು ಫಲವಿಲ್ಲ. ಐಪಿವಿ6 (ಹೊಸ ಬಗೆಯ ವಿಳಾಸ) ಹಾಕಿಕೊಡಿ ಎಂದು ಕೇಳಿ, ಅದರಿಂದಲೂ ಆಗದಿದ್ದರೆ ಸ್ಟ್ಯಾಟಿಕ್ ಐಪಿಗೆ, ಅಂದರೆ ನಿಮ್ಮದೇ ಖಾಯಂ ವಿಳಾಸಕ್ಕೆ, ದುಡ್ಡು ಕಟ್ಟಬೇಕು. ವ್ಯಾನ್ ಐಪಿ ಈ ಎರಡೂ ಬಗೆಯದ್ದಲ್ಲದಿದ್ದರೆ ರೌಟರಿನಲ್ಲಿ ಯುಪಿಎನ್‌ಪಿ (ಕನ್ಸೋಲ್ ತನಗೆ ಬೇಕಾದ ಪೋರ್ಟನ್ನು ತಾನೇ ತೆರೆಸಿಕೊಳ್ಳುವ ಸೌಲಭ್ಯ) ಆನ್ ಮಾಡಿ, ರೌಟರ್ ಮತ್ತು ಕನ್ಸೋಲ್ ಎರಡನ್ನೂ ಆರಿಸಿ ಹೊತ್ತಿಸಿ.

ಸಿಡಿಲಿಗೆ ಪಕ್ಕದ ಮನೆಯ ಕನ್ಸೋಲಿನ ಎಚ್‌ಡಿಎಂಐ ಕಿಂಡಿ ಹೋಯಿತು, ಪ್ಲಗ್ ತೆಗೆದಿಟ್ಟಿದ್ದರಂತೆ. ಹೇಗೆ? ಇನ್ವರ್ಟರಿನಲ್ಲಿ ಕನ್ಸೋಲ್ ಓಡಿಸಬಹುದೇ?
— ಓದುಗರು, ಕುಮಟಾ

ಪ್ಲಗ್ ಒಂದು ದಾರಿ ಮಾತ್ರ. ಚಾವಣಿಯ ಮೇಲಿನ ಡಿಶ್‌ನಿಂದ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ ಬರುತ್ತದೆ, ಬಾಕ್ಸಿನಿಂದ ಎಚ್‌ಡಿಎಂಐ ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐ ಕನ್ಸೋಲಿಗೆ. ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಆ ಹೊಡೆತ ಈ ಸರಪಳಿ ಹಿಡಿದು ಬರುತ್ತದೆ. ಎಚ್‌ಡಿಎಂಐ ಚಿಪ್ಪು ಓಡುವುದು ಕೆಲವೇ ವೋಲ್ಟಿನಲ್ಲಿ, ಮೊದಲು ಸಾಯುವುದು ಅದು. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಗುಡುಗಿನ ದಿನಗಳಲ್ಲಿ ಪ್ಲಗ್, ಎಚ್‌ಡಿಎಂಐ, ಲ್ಯಾನ್ ಮೂರನ್ನೂ ಕೀಳಬೇಕು. ಗುಡುಗು ತಲೆಯ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿ, ದೂರದಲ್ಲಿ ಕೇಳಿದಾಗಲೇ ಕೀಳಿ. ಫೈಬರಿನ ಗಾಜು ಕರೆಂಟು ಒಯ್ಯುವುದಿಲ್ಲ, ಆದರೆ ಕಂಬದಿಂದ ಬರುವ ಕೇಬಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೋಡೆಯ ಕ್ಲಾಂಪಿನಲ್ಲೇ ಕತ್ತರಿಸಿ ನಿಲ್ಲಿಸಿದ್ದಾರೆಯೇ ನೋಡಿ. ಎಂಸಿಬಿ ಸಿಡಿಲನ್ನು ತಡೆಯುವುದಿಲ್ಲ. ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಲೈನಿನಿಂದ ಬರುವ ಹೊಡೆತ ಬಹಳಷ್ಟು ತಗ್ಗುತ್ತದೆ, ಅದೂ ಅರ್ಥಿಂಗ್ ಸರಿಯಿದ್ದರೆ. ಚಿರೆಮಣ್ಣು ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಮಾರ್ಚಿನಿಂದಲೇ ಗುಂಡಿಗೆ ನೀರು ಹಾಕುತ್ತಿರಿ.

ಇನ್ವರ್ಟರಿನಲ್ಲಿ ಓಡಿಸಬಹುದು, ಪ್ಯೂರ್ ಸೈನ್‌ವೇವ್ ಆಗಿದ್ದರೆ ಮಾತ್ರ. ಹಳೆಯ ಸ್ಕ್ವೇರ್‌ವೇವ್‌ನಲ್ಲಿ ಕನ್ಸೋಲಿನ ಪವರ್ ಸಪ್ಲೈ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಆಡುವಾಗ ಪಿಎಸ್5 ಸುಮಾರು 200 ವ್ಯಾಟ್, ಟಿವಿ 100, ರೌಟರ್ 15. ಹೊಸ 150 ಎಎಚ್ ಬ್ಯಾಟರಿ ಬೇರೆ ಹೊರೆ ಇಲ್ಲದಿದ್ದರೆ ಮೂರು ತಾಸು ದಾಟೀತು. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಪಿಎಸ್5ರ ಅರ್ಧಕ್ಕಿಂತ ಕಡಿಮೆ ತಿನ್ನುತ್ತದೆ. ಕರೆಂಟು ಪದೇ ಪದೇ ಹೋಗುವ ಊರಿಗೆ ಅದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಕರೆಂಟು ಹೋದ ಕ್ಷಣ ಕನ್ಸೋಲ್ ಆರುತ್ತಿದ್ದರೆ ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆ ಹಾಕಿ. ಸಾಮಾನ್ಯ ಮೋಡಿನಲ್ಲಿ ಬದಲಾವಣೆಗೆ 40 ಮಿಲಿಸೆಕೆಂಡ್ ತನಕ ಹಿಡಿಯಬಹುದು, ಯುಪಿಎಸ್ ಮೋಡಿನಲ್ಲಿ 10ರ ಆಸುಪಾಸು. ಇಂಥ ಪವರ್ ಸಪ್ಲೈಗಳು ತಾಳುವುದು 16–20 ಮಿಲಿಸೆಕೆಂಡ್. ಡೌನ್‌ಲೋಡ್ ನಡುವೆ ಕರೆಂಟು ಹೋದರೆ ನಷ್ಟವಿಲ್ಲ, ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಕರೆಂಟು ಬಂದಾಗ ಕನ್ಸೋಲ್ ತಾನಾಗಿ ಹೊತ್ತುವುದಿಲ್ಲ, ನೀವೇ ಹೊತ್ತಿಸಬೇಕು. ಸಿಸ್ಟಂ ಅಪ್‌ಡೇಟನ್ನು ಮಾತ್ರ ಮಳೆ-ಗಾಳಿಯ ಸಂಜೆ ಶುರುಮಾಡಬೇಡಿ. ಆರಿ ಹೊತ್ತಿದ ಮೇಲೆ ಮೆನು ತಡವರಿಸಿದರೆ, ಪೂರ್ತಿ ಆರಿಸಿ ಪವರ್ ಗುಂಡಿಯನ್ನು ಎರಡನೇ ಬೀಪ್ ಬರುವ ತನಕ, ಸುಮಾರು 7 ಸೆಕೆಂಡ್, ಒತ್ತಿ ಹಿಡಿಯಿರಿ. ಸೇಫ್ ಮೋಡ್ ತೆರೆಯುತ್ತದೆ. ಕಂಟ್ರೋಲರನ್ನು ವೈರಿನಿಂದ ಜೋಡಿಸಿ ‘ರೀಬಿಲ್ಡ್ ಡೇಟಾಬೇಸ್’ ಆರಿಸಿ. ಆಟಗಳು, ಸೇವ್‌ಗಳು ಅಳಿಯುವುದಿಲ್ಲ. ಅದೇ ಪಟ್ಟಿಯ ‘ರೀಸೆಟ್’ ಸಾಲುಗಳನ್ನು ಮುಟ್ಟಬೇಡಿ.

ಅಪ್ಪನ ಕಾಲದ ಯಕ್ಷಗಾನದ ವಿಸಿಡಿಗಳು ರಾಶಿ ಇವೆ. ಡಿಸ್ಕ್ ಹಾಕುವ ಪಿಎಸ್5 ಕೊಂಡರೆ ನೋಡಬಹುದೇ?
— ಓದುಗರು, ಹೊನ್ನಾವರ

ಆಗದು. ಪಿಎಸ್5 ಡಿವಿಡಿ, ಬ್ಲೂ-ರೇ ಓದುತ್ತದೆ, ವಿಸಿಡಿಯನ್ನೂ ಹಾಡಿನ ಸಿಡಿಯನ್ನೂ ಓದುವುದಿಲ್ಲ. ಸಿಡಿ ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಡಿಸ್ಕಿನ ‘ಎಂಪೆಗ್‌ಎವಿ’ ಫೋಲ್ಡರ್ ತೆರೆದರೆ ಹೆಸರಿನ ಕೊನೆಗೆ .DAT ಇರುವ ದೊಡ್ಡ ಫೈಲ್ ಸಿಗುತ್ತದೆ. ಅದನ್ನು ನಕಲಿಸಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಂಪಿ4 ಮಾಡಿ, ಪೆನ್‌ಡ್ರೈವಿಗೆ ಹಾಕಿ ಟಿವಿಯ ಯುಎಸ್‌ಬಿಯಲ್ಲೇ ನೋಡಿ. ಮೂಲ ಚಿತ್ರವೇ 352×288 ಚುಕ್ಕೆಗಳದು, ಎಚ್‌ಡಿಗೆ ಹಿಗ್ಗಿಸಿದರೆ ವೇಷದ ಮುಖ ಮಸುಕಾಗುತ್ತದೆಯೇ ಹೊರತು ಸ್ಪಷ್ಟವಾಗದು. ನಕಲಿಸುವಾಗ ಅರ್ಧಕ್ಕೆ ನಿಂತರೆ ಡಿಸ್ಕಿಗೆ ಬೂಷ್ಟು ಹಿಡಿದಿರಬಹುದು. ಸಾಬೂನು ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ. ಸುತ್ತು ಒರೆಸಬೇಡಿ. ಈ ಕೆಲಸ ಮುಂದೂಡಬೇಡಿ, ಕರಾವಳಿಯ ತೇವದಲ್ಲಿ ಡಿಸ್ಕಿನ ಬೆಳ್ಳಿಪದರ ಒಮ್ಮೆ ಎದ್ದರೆ ಮತ್ತೆ ಸಿಗದು.

ಚಂದಾ ತಾನಾಗಿ ನವೀಕರಣ ಆಗುತ್ತಿಲ್ಲ. ಬ್ಯಾಂಕಿನಲ್ಲಿ ದುಡ್ಡಿದೆ.
— ಓದುಗರು, ಅಂಕೋಲಾ

2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಇ-ಮ್ಯಾಂಡೇಟ್ (ಮೊದಲೇ ಕೊಡುವ ಒಪ್ಪಿಗೆ) ನೋಂದಣಿ ಬೇಕು, ಬ್ಯಾಂಕು 24 ತಾಸು ಮೊದಲೇ ತಿಳಿಸಬೇಕು. ಅದು ಆಗಿರದಿದ್ದರೆ ಕಡಿತ ನಿಲ್ಲುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ‘ಆನ್‌ಲೈನ್’, ‘ಇಂಟರ್‌ನ್ಯಾಷನಲ್’ ಎರಡೂ ಆನ್ ಇವೆಯೇ ನೋಡಿ, ಮಿತಿ ಹಾಕಿಡಿ. ಸುಲಭದ ದಾರಿ ಪ್ಲೇಸ್ಟೇಷನ್ ಖಾತೆಗೆ ಹಣ ತುಂಬುವ ವಾಲೆಟ್ ಕೋಡ್ ಕೊಂಡು ಹಾಕುವುದು. ಖಾತೆ ಭಾರತದ್ದಾದರೆ ಭಾರತದ ಕೋಡೇ ಬೇಕು. ದುಬೈಯಿಂದ ನೆಂಟರು ತಂದ ಕೋಡ್ ನಡೆಯದು, ಖಾತೆಯ ದೇಶವನ್ನು ಆಮೇಲೆ ಬದಲಿಸಲೂ ಆಗದು.

ಅಣ್ಣ-ತಮ್ಮಂದಿರಿಗೆ ಎರಡು ಚಂದಾ ಬೇಕೇ?
— ಓದುಗರು, ಭಟ್ಕಳ

ಒಂದು ಸಾಕು. ಚಂದಾ ಇರುವ ಖಾತೆಯಲ್ಲಿ ‘ಕನ್ಸೋಲ್ ಶೇರಿಂಗ್ ಆ್ಯಂಡ್ ಆಫ್‌ಲೈನ್ ಪ್ಲೇ’ ಆನ್ ಮಾಡಿದರೆ ಅದೇ ಕನ್ಸೋಲಿನ ಬೇರೆ ಖಾತೆಯವರೂ ಆನ್‌ಲೈನ್ ಆಡಬಹುದು. ಕ್ಲೌಡ್ ಸೇವ್ ಮಾತ್ರ ಚಂದಾದಾರನಿಗಷ್ಟೇ. ಚಿಕ್ಕವನದ್ದು ಮಕ್ಕಳ ಖಾತೆ ಆಗಿರಲಿ, ಖರ್ಚಿನ ಮಿತಿ ಸೊನ್ನೆಯಲ್ಲಿಡಿ. ಕಾರ್ಡ್ ಇರುವ ದೊಡ್ಡವರ ಖಾತೆಗೆ ಪಾಸ್‌ಕೋಡ್ ಹಾಕಿ, ಇಲ್ಲದಿದ್ದರೆ ಆ ಸೊನ್ನೆಗೆ ಅರ್ಥವಿಲ್ಲ.

ಆನ್‌ಲೈನ್ ಗೇಮ್ ನಿಷೇಧವಾಗಿದೆಯಲ್ಲ, ಚಂದಾ ಕಟ್ಟಿದರೆ ಕೇಸಾಗುತ್ತದೆಯೇ?
— ಓದುಗರು, ಸಿದ್ದಾಪುರ

ಇಲ್ಲ. 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಹಣ ಒಡ್ಡಿ ಹಣ ಗೆಲ್ಲುವ ಆಟಗಳನ್ನು. ಪಣ ಅಲ್ಲದ ಚಂದಾ ಶುಲ್ಕಕ್ಕೆ ಆ ಕಾಯ್ದೆಯಲ್ಲೇ ಅವಕಾಶವಿದೆ.

ಸಮುದ್ರದಿಂದ ಕೂಗಳತೆಯಲ್ಲಿ ಮನೆ. ಉಪ್ಪುಗಾಳಿಗೆ ಕನ್ಸೋಲ್ ಉಳಿಯುತ್ತದೆಯೇ?
— ಓದುಗರು, ಕಾರವಾರ

ಬಳಸುತ್ತಿದ್ದರೆ ಉಳಿಯುತ್ತದೆ, ಕಟ್ಟಿಟ್ಟರೆ ಕೆಡುತ್ತದೆ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲವಾದರೂ ಒಂದೊಂದು ತಾಸು ಓಡಿಸಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಪ್ಲಾಸ್ಟಿಕ್ ಕವರ್ ಹಾಕಲೇಬೇಡಿ, ಅದರೊಳಗೆ ನೀರು ಕಟ್ಟುತ್ತದೆ. ತಣಿದ ಮೇಲೆ ಹತ್ತಿಬಟ್ಟೆ ಮುಚ್ಚಿ. ಕಡಲ ಕಡೆಯ ಕಿಟಕಿಗೆ ಎದುರಾಗಿ ಇಡಬೇಡಿ, ಗೋಡೆಯಿಂದ 10 ಸೆಂಟಿಮೀಟರ್ ಬಿಡಿ. ಎಸಿ ಕೋಣೆಯಿಂದ ಹೊರಗೆ ತಂದರೆ ಒಂದೆರಡು ತಾಸು ಬಿಟ್ಟು ಹೊತ್ತಿಸಿ.

ಚಿತ್ರ ಮಿನುಗುವುದು, ಆಗಾಗ ಕಪ್ಪಾಗುವುದು ಕಂಡರೆ ಮೊದಲು ಎಚ್‌ಡಿಎಂಐ ಕೇಬಲಿನ ತುದಿ ನೋಡಿ. ಹಸಿರು ಕಿಲುಬು ಇದ್ದರೆ ಕೇಬಲ್ ಬದಲಿಸಿ, ಉಜ್ಜಬೇಡಿ. ಫ್ಯಾನ್ ಗದ್ದಲ ಹೆಚ್ಚಾದರೆ ಬಿಳಿ ಹೊದಿಕೆ ತೆಗೆದು ಒಳಗಿನ ಎರಡು ದೂಳಿನ ತೂತುಗಳಿಗೆ ವ್ಯಾಕ್ಯೂಮ್ ಹಿಡಿಯಿರಿ. ಅದಕ್ಕಿಂತ ಒಳಗೆ ಸ್ಕ್ರೂ ಬಿಚ್ಚಲು ಯಾರಿಗೂ ಕೊಡಬೇಡಿ. ಪಿಎಸ್5ರ ಪ್ರೊಸೆಸರಿನ ಮೇಲೆ ಬಿಸಿ ಒಯ್ಯುವ ಪೇಸ್ಟಿನ ಬದಲು ದ್ರವಲೋಹ ಇದೆ, ಅದು ಕರೆಂಟು ಹರಿಯಬಿಡುತ್ತದೆ. ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ರಿಪೇರಿಗಿಂತ ಹೊಸದೇ ಅಗ್ಗ.